ಗಾಡಿಯೊಳಗಿನ ಹೆಪ್ಪು

ಗಾಡಿ ಇನ್ನೂ ಪೂರ್ತಿ ನಿಂತಿರಲಿಲ್ಲ. ಅಷ್ಟರಲ್ಲೇ ಕಳಕವ್ವ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಿಂದಿನ ಮೆಟ್ಟಿಲಿಗೆ ಒಂದು ಕಾಲಿಟ್ಟು ಒಳಗೆ ಬಗ್ಗಿಬಿಟ್ಟಳು. ಹಲಗೆಯ ಮೇಲೆ ಹುಲ್ಲಿನ ಸಿಂಬಿಯೊಳಗೆ ಮೊಸರಿನ ಗಡಗಿ ಕೂತಿತ್ತು. ಬಾಯಿಗೆ ಕಟ್ಟಿದ್ದ ಅರಿವೆ ಬಿಚ್ಚಿದಳು. ಗಡಗಿಯ ಪಕ್ಕದಲ್ಲೇ ಕಾಲು ಚಾಚಿ ಮಲಗಿದ್ದ ಗಂಡ ಪ್ರಭುಲಿಂಗಪ್ಪ ಆಕಳಿಸುತ್ತ ಎದ್ದು ಕೂತ.

"ಏನ್ ಗಾಡಿ ಅಂತೀ ಕಲ್ಲವ್ವನ ಅವ್ವ! ನಿಡಗುಂದಿತನಕ ಹೋಗಿ ಬಂದಿದ್ದ ಗೊತ್ತಾಗಲಿಲ್ಲ. ತೊಟ್ಲಾಗ ಮಲಗಿದಂಗಾತು."

ಕಳಕವ್ವ ಮುಚ್ಚಳ ಎತ್ತಿದಳು. ಬೆಳಿಗ್ಗೆ ಉಗುರುಬೆಚ್ಚಗೆ ಕಾಸಿ ಹೆಪ್ಪು ಹಾಕಿ ಕಳಿಸಿದ್ದ ಎಮ್ಮೆಯ ಹಾಲು ಹಸಿರು ಬಣ್ಣದ ತಿಳಿನೀರಾಗಿ, ನೀರಿನ ಮೇಲೆ ಚೂರುಚೂರು ಮೊಸರಾಗಿ ಅವಳನ್ನೇ ನೋಡುತ್ತಿತ್ತು.

"ನೀವೇನೋ ಮಲಗಿದ್ರಿ. ಮೊಸರು ಮಲಗಿಲ್ಲ ನೋಡ್ರಿ," ಎಂದಳು. "ಇನ್ನೊಂದೀಟು ದೂರ ಹೋಗಿದ್ರ ಬೆಣ್ಣೀನೂ ಬರ್ತಿತ್ತು."

ಎತ್ತುಗಳ ಕೊರಳು ತಟ್ಟುತ್ತ ನಿಂತಿದ್ದ ಗೌಸುಸಾಬ ಇಣುಕಿ ನೋಡಿ ನಾಲಿಗೆ ಕಚ್ಚಿಕೊಂಡ. ಅವಳ ತಂದೆಯ ವಾರಿಗೆಯವನು, ಎತ್ತುಗಳನ್ನು ಹೂವಿನಂತೆ ನಡೆಸುವವನು. "ಅಲ್ಲಾನಾಣಿ ತಂಗೆವ್ವಾ, ಎಲ್ಲೂ ಓಡಿಸಿಲ್ಲ. ಒಂದು ಸಲಾನೂ ಬಾರಕೋಲ ಎತ್ತಿಲ್ಲ."

"ನಿನ್ನ ತಪ್ಪಲ್ಲ ಬಿಡು ಕಾಕಾ," ಎಂದು ಕಳಕವ್ವ ಗಡಗಿಯನ್ನು ಎತ್ತಿಕೊಂಡು ಒಳಗೆ ನಡೆದಳು. ಅಳು ಬಂದಿತ್ತು. ಆದರೆ ಅಳುತ್ತ ಕೂಡಲು ಹೊತ್ತಿರಲಿಲ್ಲ. ಇವತ್ತು ಗುರುವಾರ. ಬರುವ ಸೋಮವಾರ ಗಜೇಂದ್ರಗಡದಲ್ಲಿ ಮಗಳ ಕುಬಸ.

ಮಗಳು ಕಲ್ಲವ್ವನಿಗೆ ಈಗ ಏಳು ತಿಂಗಳು ತುಂಬುತ್ತಿತ್ತು. ತಾಯಿ ಹೋಗಿ, ಹಸಿರು ಸೀರೆ ಉಡಿಸಿ, ಹಸಿರು ಬಳೆ ತೊಡಿಸಿ, ಉಡಿ ತುಂಬಿ, ಬಸುರಿಯನ್ನು ಚೊಚ್ಚಲ ಹೆರಿಗೆಗೆ ತವರಿಗೆ ಕರಕೊಂಡು ಬರುವುದು ಎಲ್ಲರ ಮನೆಯಲ್ಲೂ ನಡೆಯುವ ಮಾತು. ಆದರೆ ಕಲ್ಲವ್ವ ಹೋದ ವರ್ಷವೂ ಬಸುರಿಯಾಗಿದ್ದಳು. ಪಂಚಮಿ ಹಬ್ಬಕ್ಕೆಂದು ತವರಿಗೆ ಬಂದಳು. ಶ್ರಾವಣದ ಹಸಿ ಎರೆಮಣ್ಣಿನಲ್ಲಿ ಎತ್ತಿನ ಬಂಡಿ ಹೂತು, ಎದ್ದು, ಕಲ್ಲು ಹತ್ತಿ ಇಳಿದು ತವರೂರು ನರೇಗಲ್ಲು ಮುಟ್ಟುವಾಗ ಹುಡುಗಿಯ ಮುಖ ಸುಣ್ಣವಾಗಿತ್ತು. ಜೋಕಾಲಿ ಕಟ್ಟುವ ಮೊದಲೇ ಎಲ್ಲ ಮುಗಿದುಹೋಯಿತು. ಸೂಲಗಿತ್ತಿ, "ಬಂಡಿ ಮ್ಯಾಲೆ ಯಾಕ ತಪ್ಪು ಹೊರಸ್ತೀರಿ, ಮನ್ಯಾಗ ಕೂತವರಿಗೂ ಹಿಂಗ ಆಗತೈತಿ" ಎಂದಳು. ಬೀಗತಿ ಮುದುಕವ್ವ ಮಾತ್ರ ಒಪ್ಪಲಿಲ್ಲ. ಯಾರನ್ನೂ ಬೈಯಲಿಲ್ಲ, ಒಪ್ಪಲಿಲ್ಲ ಅಷ್ಟೇ.

ಹಿಂದಿನ ತಿಂಗಳು ಕುಬಸದ ಮಾತೆತ್ತಲು ಹೋದಾಗ ಮುದುಕವ್ವ ಪಡಸಾಲೆಯಲ್ಲಿ ಕೂತು ಕುಸುಬಿ ಹಸನು ಮಾಡುತ್ತಿದ್ದಳು. ಮೊರದಿಂದ ಕಣ್ಣೆತ್ತದೆ ಹೇಳಿದ್ದಳು:

"ಕುಬಸ ಮಾಡ್ರಿ, ಉಣ್ರಿ, ಉಡಿ ತುಂಬ್ರಿ. ಸೊಸೀನ್ನ ಮಾತ್ರ ಕಳಸೂದಿಲ್ಲ. ಇಲ್ಲೇ ಹಡೀಲಿ."

"ಚೊಚ್ಚಲ ತವರಾಗ ಆಗಬೇಕಲ್ರಿ ಬೀಗ್ತಿ."

"ಆಗಬೇಕು. ಆದ್ರ ನಿಮ್ಮ ಹಾದಿ ಹಾಂಗಿಲ್ಲಲ್ಲ."

"ನಾವು ಈಗ ಕಮಾನು ಗಾಡಿ ತಂದೀವ್ರಿ. ಬಂಡಿ ಅಲ್ಲ. ಜಗ್ಗೂದಿಲ್ಲ, ಎತ್ತಿ ಒಗ್ಯೂದಿಲ್ಲ."

ಮುದುಕವ್ವ ಆಗ ಮೊರ ಕೆಳಗಿಟ್ಟಳು. "ಹೌದ? ಹಂಗಾರ ಒಂದು ಕೆಲಸ ಮಾಡ್ರಿ. ಕುಬಸಕ್ಕ ಬರೂ ಮುಂಜಾನೆ ಒಂದು ಗಡಗಿ ಹಾಲಿಗೆ ಹೆಪ್ಪ ಹಾಕಿ ಗಾಡ್ಯಾಗ ಇಟ್ಕೊಂಡ ಬರ್ರಿ. ಇಲ್ಲಿ ಬಂದ ಮ್ಯಾಲೆ ಮುಚ್ಚಳ ನಾ ತೆಗೀತೀನಿ. ಮೊಸರು ನಿಂತಿದ್ರ ಸೊಸೀನ್ನ ಕರ್ಕೊಂಡ ಹೋಗ್ರಿ. ಒಡದಿದ್ರ ಮಾತಿಲ್ಲ." ಕಳಕವ್ವ ಹೂಂ ಅನ್ನುವಷ್ಟರಲ್ಲಿ ಮತ್ತೊಂದು ಸೇರಿಸಿದಳು: "ತೊಡಿ ಮ್ಯಾಲೆ ಇಟ್ಕೊಂಡ ಬರೂದಲ್ಲ ಮತ್ತ. ನನ್ನ ಸೊಸಿ ನಿಮ್ಮ ತೊಡಿ ಮ್ಯಾಲೆ ಕೂತ ಬರಾಕಿ ಅಲ್ಲ."

ಬಾಗಿಲ ಮರೆಯಲ್ಲಿ ನಿಂತಿದ್ದ ಕಲ್ಲವ್ವ ತಾಯಿಯನ್ನು ನೋಡಿದ ನೋಟ ಕಳಕವ್ವನ ಕಣ್ಣಿನಿಂದ ಹೋಗಿರಲಿಲ್ಲ. ರೊಟ್ಟಿ ಬಡಿಯುವಾಗ ಎದುರಿಗೆ ಬರುತ್ತಿತ್ತು, ನೀರು ಸೇದುವಾಗ ಬಾವಿಯೊಳಗೆ ಕಾಣುತ್ತಿತ್ತು.

ಕಮಾನು ಗಾಡಿ ಅವರ ಮನೆಗೆ ಬಂದದ್ದೇ ಒಂದು ತಮಾಷೆ. ಪ್ರಭುಲಿಂಗಪ್ಪ ಹತ್ತಿಯ ವ್ಯಾಪಾರಕ್ಕೆ ನರಗುಂದಕ್ಕೆ ಹೋದಾಗ ಇನಾಮದಾರ ರಾಘಣ್ಣನ ವಾಡೆಯ ಹಿತ್ತಿಲಲ್ಲಿ ಅದು ಬಿದ್ದಿತ್ತು. ಕುಂಪಣಿಯ ಯಾರೋ ಸಾಹೇಬ ಊರಿಗೆ ಹೋಗುವಾಗ ರಾಘಣ್ಣನ ತಂದೆಗೆ ಕೊಟ್ಟು ಹೋದ ಕುದುರೆ ಗಾಡಿ. ತಂದೆ ಹೋದ ಮೇಲೆ ಹತ್ತುವವರಿರಲಿಲ್ಲ. ಪ್ರಭುಲಿಂಗಪ್ಪ ಅದನ್ನೇ ಸುತ್ತುಹಾಕುವುದನ್ನು ನೋಡಿ ರಾಘಣ್ಣ ನಕ್ಕು, "ಬೇಕಾದ್ರ ಒಯ್ಯಪಾ. ಒಳಗಿನ ಪಾರಿವಾಳಾನೂ ಕೂಡೇ ಒಯ್ಯಿ" ಎಂದಿದ್ದ. ನೊಗ ಕಟ್ಟಿ ಎತ್ತಿನ ಗಾಡಿ ಮಾಡಿಕೊಂಡು ಮನೆಗೆ ತಂದರು. ಅಚ್ಚಿಗೂ ಮೇಲಿನ ಪೆಟ್ಟಿಗೆಗೂ ನಡುವೆ, ಎಡಕ್ಕೊಂದು ಬಲಕ್ಕೊಂದು ಕಮಾನು. ಬಿಲ್ಲಿನಂತೆ ಬಾಗಿದ ಕಬ್ಬಿಣದ ಪಟ್ಟಿಗಳು, ದೊಡ್ಡದರ ಮೇಲೆ ಚಿಕ್ಕದು, ಚಿಕ್ಕದರ ಮೇಲೆ ಇನ್ನೂ ಚಿಕ್ಕದು, ಒಂದರ ಮೇಲೊಂದು ಕೂತಿದ್ದವು. ಚಕ್ರ ಕುಣಿದರೂ ಮೇಲೆ ಕೂತವರು ಕುಣಿಯಬಾರದು ಎಂಬುದು ಅದರ ಲೆಕ್ಕ. ಆದರೆ ಎಡಗಡೆಯ ಕಮಾನಿನಲ್ಲಿ ಒಂದು ಪಟ್ಟಿ ಮುರಿದಿತ್ತು, ಉಳಿದವು ತುಕ್ಕು ಹಿಡಿದು ಒಂದೇ ಮುದ್ದೆಯಾಗಿದ್ದವು. ಮೊದಲ ಸಲ ಇಟ್ಟು ನೋಡಿದಾಗ ಮೊಸರಲ್ಲ, ಗಡಗಿಯೇ ಸೀಳಿತ್ತು.

ಕಂಬಾರ ಹೂವಪ್ಪ ಅಟ್ಟ ಹತ್ತಿ ಹುಡುಕಿ, ಅಜ್ಜನ ಕಾಲದ ಮುರಿದ ಕತ್ತಿಗಳನ್ನು ತೆಗೆದು, ಕಾಸಿ ಒಂದಾಗಿ ಬೆಸೆದು, ಬಡಿದು ಬಾಗಿಸಿ ಹೊಸ ಪಟ್ಟಿ ಮಾಡಿಕೊಟ್ಟ. ಎಣ್ಣೆಯಲ್ಲಿ ಅದ್ದಿ ಹದ ಕೊಟ್ಟಾಗ ಎದ್ದ ಹೊಗೆಗೆ ಕೆಮ್ಮುತ್ತ, "ಅಕ್ಕಾರ, ದಂಡಿನಾಗ ಹೋಗಿ ಬಂದ ಕಬ್ಬಿಣರೀ ಇದು. ಈಗ ಬಸುರಿ ಹೊರತೈತಿ" ಎಂದಿದ್ದ. ಹಳೆಯ ಪಟ್ಟಿಗಳ ತುಕ್ಕು ತಿಕ್ಕಿ ಜೋಡಿಸಿದರು. ಗಾಡಿ ಹೊರಟಾಗ ಕಮಾನು ಓಣಿಗೆಲ್ಲ ಕೇಳುವಂತೆ ಕಿರುಚಿತು. ಆಗ ಕಳಕವ್ವ ಮನೆಯಲ್ಲಿದ್ದ ಕುಸುಬಿ ಎಣ್ಣೆಯ ಬುದ್ದಲಿಯನ್ನೇ ತಂದಳು. ಕೈ ಹಿಡಿಯಲಿಲ್ಲ. ಪಟ್ಟಿ ಪಟ್ಟಿಯ ನಡುವೆ ಇಳಿಯುವಂತೆ, ಮಗಳ ತಲೆಗೆ ಹಚ್ಚಿದಷ್ಟೇ ಅಕ್ಕರೆಯಿಂದ ಹುಯ್ದಳು. ಹೂವಪ್ಪನೂ, "ಹಾಕ್ರಿ ಅಕ್ಕಾರ, ಇನ್ನೊಂದೀಟು ಹಾಕ್ರಿ" ಎಂದ. ಕಿರುಚಾಟ ನಿಂತಿತು. ಗಾಡಿ ತೇಲಿತು. ಕೂತವರೆಲ್ಲ ಹೊಗಳಿದರು. ಹೊಗಳದೆ ಉಳಿದದ್ದು ಮೊಸರು ಒಂದೇ.

ಸಂಜೆಯ ಮೊದಲೇ ಹೂವಪ್ಪನನ್ನು ಕರೆಸಿದಳು. ಅವನು ಕಮಾನಿನ ಕೆಳಗೆ ನುಸುಳಿ, ಎಲ್ಲ ಮುಟ್ಟಿ ನೋಡಿ, ಎದ್ದು ಮೈ ಝಾಡಿಸಿಕೊಂಡ. "ಎಲ್ಲಾ ಚಲೋ ಐತ್ರಿ. ಹಾಲಿಂದ ಏನರೆ ದೋಷ ಇರಬೇಕು."

"ನಮ್ಮ ಎಮ್ಮಿ ಹಾಲಿನ ಸುದ್ದಿ ತೆಗೀಬ್ಯಾಡ," ಎಂದಳು ಕಳಕವ್ವ. "ಕಾಕಾ, ಗಾಡಿ ಅಷ್ಟು ಮುಂದಕ್ಕ ಹೊಡಿ. ಆ ಒಳಕಲ್ಲ ಚೂರಿನ ಮ್ಯಾಲೆ ಒಂದು ಗಾಲಿ ಹಾಯಲಿ."

ಗೌಸುಸಾಬ ಹೊಡೆದ. ಕಳಕವ್ವ ಅಂಗಳದ ಕಟ್ಟೆಯ ಮೇಲೆ ಕುಕ್ಕರುಗಾಲಲ್ಲಿ ಕೂತು ಕಮಾನನ್ನೇ ನೋಡಿದಳು. ಗಾಲಿ ಕಲ್ಲು ಹತ್ತಿತು, ಇಳಿಯಿತು. ಪೆಟ್ಟು ಮೇಲಕ್ಕೆ ಹೋಗಲೇ ಇಲ್ಲ, ಕಮಾನು ಮೆತ್ತಗೆ ನುಂಗಿತು. ಆದರೆ ಗಾಡಿ ಅಲ್ಲಿಗೆ ಸುಮ್ಮನಾಗಲಿಲ್ಲ. ಮೇಲೆ, ಕೆಳಗೆ, ಮೇಲೆ, ಕೆಳಗೆ. ಕಲ್ಲು ಹಿಂದೆ ಉಳಿದು, ಎತ್ತುಗಳು ಬೇವಿನ ಮರದ ಹತ್ತಿರ ನಿಂತ ಮೇಲೂ ಪೆಟ್ಟಿಗೆ ತೂಗುತ್ತಲೇ ಇತ್ತು.

"ಇನ್ನೊಮ್ಮೆ," ಎಂದಳು. ಇನ್ನೊಮ್ಮೆಯೂ ಹಾಗೆಯೇ.

ಅವಳ ಬಲಗೈ ತಾನೇ ತಾನಾಗಿ ಮೊಣಕಾಲಿನ ಮೇಲೆ ಹಿಂದೆ ಮುಂದೆ ಆಡಿತು. ದಿನಾ ಮುಂಜಾನೆ ಕಡೆಗೋಲಿನ ಹಗ್ಗ ಎಳೆಯುವ ಕೈ. ಅವಳು ತಟ್ಟನೆ ಎದ್ದು ನಿಂತಳು.

"ಹೂವಪ್ಪಾ! ಮಜ್ಜಿಗಿ ಮಾಡಾಕ ಯಾರರೆ ಗಡಗಿಗೆ ಗುದ್ದತಾರೇನ? ಕಡೀತೀವಿ. ಹಿಂದ ಮುಂದ, ಹಿಂದ ಮುಂದ. ನಿನ್ನ ಗಾಡಿ ಗುದ್ದವಲ್ದು, ಕಡ್ಯಾಕತ್ತೈತಿ!"

ಹೂವಪ್ಪ ಮತ್ತೆ ಕಮಾನಿನ ಹತ್ತಿರ ಹೋಗಿ ಪೆಟ್ಟಿಗೆಯನ್ನು ಎರಡೂ ಕೈಯಿಂದ ಒತ್ತಿ ಬಿಟ್ಟ. ಪಟ್ಟಿಗಳು ಒಂದರ ಮೈಮೇಲೊಂದು ಮೀನಿನಂತೆ ಜಾರಿದವು. ಬೆರಳಿಗೆ ಹತ್ತಿದ ಎಣ್ಣೆಯನ್ನು ನೋಡಿಕೊಂಡ.

"ಅಕ್ಕಾರ... ಇವು ಒಂದನ್ನೊಂದು ತಿಕ್ಕಾಡಿ ಹಿಡೀಬೇಕಿತ್ತ ಕಾಣತೈತ್ರಿ. ನಾವು ಎಣ್ಣಿ ಕುಡಿಸಿ ಜಾರು ಬಂಡಿ ಮಾಡೀವಿ. ಹಿಡಿಯವರ ಇಲ್ಲ."

"ನಾನ ಸುರುವಿದ್ದು."

"ನಾನ ಹಾಕ್ರಿ ಅಂದಿದ್ದು. ಬಿಡ್ರಿ."

ಮರುದಿನ ಬೆಳಿಗ್ಗೆ ಕಳಕವ್ವನ ಅಂಗಳದಲ್ಲಿ ನಡೆದದ್ದನ್ನು ನೋಡಲು ಓಣಿಯ ಹೆಂಗಸರೆಲ್ಲ ಕೊಡ ಹಿಡಿದುಕೊಂಡೇ ನಿಂತರು. ಗಾಡಿಯ ಪೆಟ್ಟಿಗೆ ಕಟ್ಟಿಗೆಯ ಕೊರಡುಗಳ ಮೇಲೆ ಏರಿ ಕೂತಿತ್ತು. ಕಮಾನುಗಳು ಬಿಚ್ಚಿ ಒಂದೊಂದೇ ಪಟ್ಟಿಯಾಗಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಸಾಲಾಗಿ ಮಲಗಿದ್ದವು. ಒಲೆಯ ಮೇಲೆ ಹಂಡೆಯ ನೀರು ಕುದಿಯುತ್ತಿತ್ತು. ಕಳಕವ್ವ ಅಂಟುವಾಳದ ನೊರೆ ಎಬ್ಬಿಸಿ, ಒಲೆಯ ಬೂದಿ ಬೆರೆಸಿ, ತೆಂಗಿನ ನಾರಿನಿಂದ ತಿಕ್ಕಿ, ಬಿಸಿನೀರು ಹುಯ್ದು, ಮತ್ತೆ ತಿಕ್ಕಿದಳು. ಎಣ್ಣೆ ಹಳದಿ ಕೆನೆಯಾಗಿ ಬಚ್ಚಲಿನತ್ತ ಹರಿಯಿತು.

ಗೌಸುಸಾಬನ ಹೆಂಡತಿ ರಸೂಲಬಿ ನಗು ತಡೆಯಲಾರದೆ ಕೊಡ ಕೆಳಗಿಟ್ಟಳು. "ಏನ ತಂಗೆವ್ವಾ ಇದು? ಎಣ್ಣಿ ಹಚ್ಚಿದಿ, ಎರೀಲಿಕ್ಕೆ ಹತ್ತೀದಿ. ನಿನ್ನ ಗಾಡಿ ಹಡೀತೇನ? ಗಂಡೋ ಹೆಣ್ಣೋ?"

ಎಲ್ಲರೂ ನಕ್ಕರು. ಕಳಕವ್ವನೂ ನಕ್ಕಳು. "ಬಾ, ಬರೇ ನಿಂತು ನಗಬ್ಯಾಡ. ಬಾಣಂತಿ ಬೆನ್ನ ತಿಕ್ಕು."

ಪಟ್ಟಿಗಳು ಒಣಗಿ ಬಿಳಿಚಿಕೊಂಡವು. ಹೂವಪ್ಪ ಜೋಡಿಸಿ, ಬಿಗಿದು, ಪೆಟ್ಟಿಗೆ ಇಳಿಸಿ, ಒತ್ತಿ ಬಿಟ್ಟ. ಎಷ್ಟೋ ಕಡಿಮೆಯಾಗಿತ್ತು. ಆದರೂ ಕೊನೆಯಲ್ಲಿ ಎರಡು ಸಲ ತಲೆದೂಗಿತು. ಕಳಕವ್ವ ಬಗ್ಗಿ ನೋಡಿದಳು. ಪೆಟ್ಟಿಗೆ ಮೇಲಕ್ಕೆ ಬರುವಾಗ ಪಟ್ಟಿಗಳ ತುದಿ ಒಂದನ್ನೊಂದು ಬಿಟ್ಟು ಬಾಯಿ ತೆರೆಯುತ್ತಿದ್ದವು.

"ಸಡಲ ಅದಾವ," ಎಂದಳು ರಸೂಲಬಿ ಕೂಡ ಬಗ್ಗಿ. ನಗುವ ಹುಕಿಯಲ್ಲೇ ಮುಂದುವರಿಸಿದಳು, "ಹಡದ ಮ್ಯಾಲೆ ಹೊಟ್ಟಿ ಸಡಲ ಆಗೂದ ಅಲ್ಲೇನ. ಎರದ ಮ್ಯಾಲೆ ಬಿಗದು ಕಟ್ಟಬೇಕು."

ಕಳಕವ್ವ ನಗಲಿಲ್ಲ. ರಸೂಲಬಿಯ ಮುಖವನ್ನು ಒಂದು ಗಳಿಗೆ ನೋಡಿ, ಹಾಗೆಯೇ ತಿರುಗಿ ಒಳಗೆ ಹೋದಳು. ದೇವರ ಕೋಣೆಯ ಪಕ್ಕದ ಕಟ್ಟಿಗೆಯ ಸಂದೂಕದಲ್ಲಿ, ತಳದಲ್ಲಿ, ಬೇವಿನ ಎಲೆಯ ನಡುವೆ ಅವಳ ಹಳೆಯ ಸೀರೆಗಳು ಮಡಿಸಿಟ್ಟಿದ್ದವು. ಉಟ್ಟು ಒಗೆದು, ಉಟ್ಟು ಒಗೆದು ಕೆನೆಯಷ್ಟು ಮೆತ್ತಗಾದ ನೂಲಿನ ಸೀರೆಗಳು. ಮಗಳು ಹಡೆದಾಗ ನಡು ಕಟ್ಟಲು ಎಂದು ಹೋದ ವರ್ಷ ತೆಗೆದಿಟ್ಟವು. ಆಮೇಲೆ ಆ ಸಂದೂಕದ ಮುಚ್ಚಳವನ್ನು ಅವಳು ತೆರೆದಿರಲಿಲ್ಲ. ಈಗ ತೆರೆದಳು. ಮೇಲಿನ ಸೀರೆಯನ್ನು ತೆಗೆದು, ಕೆನ್ನೆಗೆ ಒಮ್ಮೆ ಒತ್ತಿಕೊಂಡು, ಸೆರಗಿನ ಅಂಚಿಗೆ ಹಲ್ಲು ಹಚ್ಚಿ ಪರ್ರನೆ ಹರಿದಳು.

ಹೊರಗೆ ಅದನ್ನು ಕಂಡು ರಸೂಲಬಿಯ ನಗು ಇಳಿಯಿತು. ಏನೂ ಕೇಳದೆ ಸೀರೆಯ ಇನ್ನೊಂದು ತುದಿ ಹಿಡಿದಳು. ಇಬ್ಬರೂ ಸೇರಿ ಪಟ್ಟಿಪಟ್ಟಿಯಾಗಿ ಹರಿದು, ನೀರಿನಲ್ಲಿ ನೆನೆಸಿ ಹಿಂಡಿದರು. ಕಮಾನಿನ ತುದಿಯಿಂದ ನಡುವಿನತನಕ, ಒಂದು ಸುತ್ತಿನ ಅಂಚಿನ ಮೇಲೆ ಇನ್ನೊಂದು ಸುತ್ತು ಬರುವಂತೆ ಕಳಕವ್ವ ಸುತ್ತುತ್ತ ಹೋದಳು. ರಸೂಲಬಿ ಅಂಗಾಲು ಗಾಲಿಗೆ ಊರಿ ಎಳೆದು ಹಿಡಿದಳು.

"ಭಾಳ ಬಿಗೀಬ್ಯಾಡ. ಉಸಿರಾಡಬೇಕು."

"ಗೊತ್ತೈತಿ ಬಿಡವ್ವಾ. ನಿಂದೂ ನಾನ ಕಟ್ಟೀನಿ."

ಹೂವಪ್ಪ ತಲೆ ಕೆರೆದುಕೊಂಡ. "ಎಣ್ಣಿ ಇಲ್ಲ, ಮ್ಯಾಲೆ ಹಸಿ ಅರಿವಿ. ತುಕ್ಕ ಹಿಡೀತೈತ್ರಿ ಅಕ್ಕಾರ."

"ಹಿಡೀಲಿ. ಮಳಿಗಾಲದಾಗ ನೀನ ತಿಕ್ಕೀಯಂತ. ಅಷ್ಟೊತ್ತಿಗೆ ನನ್ನ ಮಗಳು ನನ್ನ ಮನ್ಯಾಗ ಇರ್ತಾಳ."

ಬಿಸಿಲಿಗೆ ಅರಿವೆ ಒಣಗಿ ಬಿಗಿಯಿತು. ಕಳಕವ್ವ ತಾನೇ ಹೋಗಿ ಪೆಟ್ಟಿಗೆಯ ಅಂಚಿಗೆ ಎರಡೂ ಅಂಗೈ ಊರಿ, ಮೈಭಾರವೆಲ್ಲ ಹಾಕಿ ಒತ್ತಿ, ಬಿಟ್ಟಳು. ಗಾಡಿ ಕೆಳಗೆ ಹೋಯಿತು. ಮೇಲೆ ಬಂತು. ನಿಂತಿತು.

"ಯವ್ವಾ!" ಎಂದಳು ರಸೂಲಬಿ. ಪ್ರಭುಲಿಂಗಪ್ಪ ಹೆಗಲ ಮೇಲಿನ ವಸ್ತ್ರ ತೆಗೆದು ಗಾಳಿಗೆ ಬೀಸಿದ. ಹೂವಪ್ಪ ತನ್ನದೇ ಮಗು ನಡೆದಂತೆ ಗಾಡಿಯನ್ನು ಮತ್ತೆ ಮತ್ತೆ ಒತ್ತಿ ಬಿಟ್ಟು, ಪ್ರತಿ ಸಲವೂ "ನಿಂತ್ತ! ನಿಂತ್ತ!" ಎಂದು ಕೂಗಿದ.

ಸೋಮವಾರ ಬೆಳಕು ಹರಿಯುವಾಗ ಹೊರಟರು. ಮುಂದೆ ಗೌಸುಸಾಬ, ಒಳಗೆ ಗಂಡ ಹೆಂಡತಿ, ಹಸಿರು ಸೀರೆ, ಬಳೆಯ ಬುಟ್ಟಿ, ಹೋಳಿಗೆ, ಸಜ್ಜೆರೊಟ್ಟಿ, ಹಿಂಡಿಪಲ್ಯದ ಗಂಟುಗಳು. ನಡುವೆ, ಯಾರಿಗೂ ತಾಗದಂತೆ, ಹಲಗೆಯ ಮೇಲೆ ಗಡಗಿ. ಮಾಘದ ಚಳಿಗೆ ಹೆಪ್ಪು ನಿಧಾನವಾದೀತೆಂದು ಅದಕ್ಕೆ ಕಂಬಳಿ ಹೊದಿಸಿದ್ದಳು. ಎರೆಹೊಲದ ದಾರಿಯಲ್ಲಿ ಮಳೆಗಾಲದ ಬಂಡಿಗಳು ಕೊರೆದ ಗಾಲಿಜಾಡುಗಳು ಒಣಗಿ ಕಲ್ಲಾಗಿದ್ದವು. ಗಾಡಿ ಅವುಗಳೊಳಗೆ ಇಳಿದು ಏರಿ ಸಾಗಿತು. ಕಮಾನುಗಳು ಅರಿವೆಯೊಳಗಿನಿಂದ ಗುಯ್ ಗುಯ್ ಎಂದು ಸಣ್ಣಗೆ ನರಳಿದವು. ಪ್ರಭುಲಿಂಗಪ್ಪನಿಗೆ ಈ ಸಲ ನಿದ್ದೆ ಬರಲಿಲ್ಲ.

"ಮೊದಲಿನಷ್ಟು ಮೆತ್ತಗಿಲ್ಲ ಬಿಡು," ಎಂದ.

"ನಿಮಗಲ್ಲ ಅದು," ಎಂದಳು. ಅವಳ ಕಣ್ಣು ಕಂಬಳಿಯ ಮೇಲೇ ಇತ್ತು. ಮುಚ್ಚಳ ತೆಗೆಯುವಂತಿಲ್ಲ. ಅದು ಬೀಗತಿಯ ಕೈಗೆ ಬಿಟ್ಟ ಮಾತು. ಒಳಗೆ ಈಗ ಏನು ನಡೆದಿರಬಹುದು? ಹಾಲು ಹಾಲಾಗಿಯೇ ಇದೆಯೇ, ಅಂಚಿನಿಂದ ಗಟ್ಟಿಯಾಗುತ್ತಿದೆಯೇ? ಹಾದಿಯಲ್ಲಿ ಕುಸುಬಿಯ ಹೊಲಗಳು ಹಳದಿ ಕೆಂಪಾಗಿ ಹೂಬಿಟ್ಟಿದ್ದವು. ಅವಳು ನೋಡಲಿಲ್ಲ. ಗೌಸುಸಾಬ ಎತ್ತುಗಳಿಗೆ ಹಾಡು ಹೇಳುತ್ತಿದ್ದ. ಅವಳಿಗೆ ಕೇಳಿಸಲಿಲ್ಲ.

ಎರೆ ಮುಗಿದು ಕೆಂಪು ಮಸಾರಿ ನೆಲ ಬಂತು. ದೂರದಲ್ಲಿ ಗಡದ ಗುಡ್ಡ ಕಂಡಿತು. ಆಮೇಲೆ ಹಳ್ಳ ಬಂತು. ನೀರು ಒಣಗಿ ಬರೀ ಗುಂಡುಕಲ್ಲು ಉಳಿದ ಹಳ್ಳ.

"ಗಟ್ಟ್ಯಾಗಿ ಹಿಡಕೊಂಡ ಕೂಡ್ರಿ," ಎಂದು ಗೌಸುಸಾಬ ಹಗ್ಗ ಬಿಗಿ ಹಿಡಿದ.

ಗಾಡಿ ಇಳಿಯಿತು. ಎರಡು ಕಲ್ಲು ದಾಟಿತು. ಮೂರನೆಯದು ಮೊಣಕಾಲೆತ್ತರದ್ದು. ಎಡಗಾಲಿ ಅದನ್ನು ಹತ್ತುತ್ತಿರುವಾಗಲೇ ಕಳಕವ್ವನಿಗೆ ತಿಳಿಯಿತು. ಅವಳ ಕೈಗಳು ಗಡಗಿಯತ್ತ ಹೊರಟುಬಿಟ್ಟವು. ಬರೀ ಒಂದು ಗಳಿಗೆ. ಎತ್ತಿ ಹಿಡಿದರೆ ಸಾಕು, ಗಾಲಿ ಇಳಿದ ಮೇಲೆ ಮತ್ತೆ ಇಟ್ಟರಾಯಿತು. ಗೌಸುಸಾಬನ ಮುಖ ಮುಂದಕ್ಕಿತ್ತು. ಗಂಡ ಹೇಳುವವನಲ್ಲ. ಬೆರಳು ಕಂಬಳಿಯನ್ನು ಮುಟ್ಟಿತು.

*ನನ್ನ ಸೊಸಿ ನಿಮ್ಮ ತೊಡಿ ಮ್ಯಾಲೆ ಕೂತ ಬರಾಕಿ ಅಲ್ಲ.*

ಬರುವಾಗ ಇದೇ ಕಲ್ಲು. ಇದೇ ಹಲಗೆ. ಆಗ ಯಾರನ್ನು ಎತ್ತಿ ಹಿಡಿಯಬೇಕು? ಕಳಕವ್ವ ಕೈಗಳನ್ನು ಹಿಂದಕ್ಕೆ ಎಳೆದುಕೊಂಡು ತನ್ನ ತೊಡೆಗಳ ಕೆಳಗೆ ತೂರಿಸಿ, ಅವುಗಳ ಮೇಲೆ ಕೂತುಬಿಟ್ಟಳು. ಗಾಲಿ ಧಡ್ಡನೆ ಇಳಿಯಿತು. ಗಡಗಿ ಸಿಂಬಿಯಲ್ಲಿ ಕುಸಿದು ಎದ್ದಿತು. ನಿಂತಿತು. ಅವಳು ಕಣ್ಣು ಮುಚ್ಚಿಕೊಂಡು ಕಾಲಕಾಲೇಶ್ವರನನ್ನು ನೆನೆದಳು.

ಗಜೇಂದ್ರಗಡದ ಓಣಿಯಲ್ಲಿ ಬಿಸಿಲು ನೆತ್ತಿ ದಾಟಿತ್ತು. ಮುದುಕವ್ವ ಬಾಗಿಲಲ್ಲೇ ನಿಂತಿದ್ದಳು. ಎತ್ತರದ, ಒಣಕಲು ಮೈಯ, ಹಣೆಯ ತುಂಬ ವಿಭೂತಿಯ ಹೆಂಗಸು. ಅವಳ ಹಿಂದೆ ಕಲ್ಲವ್ವ. ತುಂಬಿದ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನಿಂತ ಮಗಳನ್ನು ಕಂಡು ಕಳಕವ್ವನಿಗೆ ಓಡಿಹೋಗಿ ತಬ್ಬಿಕೊಳ್ಳಬೇಕೆನಿಸಿತು. ಇಳಿದು ಸುಮ್ಮನೆ ನಿಂತಳು.

"ಬರ್ರಿ ಬೀಗ್ತಿ, ಆರಾಮ ಅದೀರಿ?" ಎಂದಳು ಮುದುಕವ್ವ. "ನಿಮ್ಮ ಗಾಡಿ ನರಳಾಕತ್ತಿತ್ತಲ್ಲ? ಓಣಿ ತಿರವಿನಾಗ ಕೇಳಿದೆ."

"ಭಾರ ಹೊತ್ತವರು ಒಂದೀಟು ನರಳತಾರ್ರಿ."

ಮುದುಕವ್ವನ ತುಟಿಯ ತುದಿ ಅಲುಗಿತು. ನೀರು ಬೆಲ್ಲ ಕೊಡಲೂ ಇಲ್ಲ. ನೇರ ಗಾಡಿಯ ಹಿಂಬದಿಗೆ ಬಂದು, ಮೆಟ್ಟಿಲು ಹತ್ತಿ, ಕಂಬಳಿ ಸರಿಸಿ ಮುಚ್ಚಳ ತೆಗೆದಳು. ಓಣಿಯ ಹೆಂಗಸರು ಕತ್ತು ಚಾಚಿದರು. ಮುದುಕವ್ವ ಗಡಗಿಯ ಕಂಠ ಹಿಡಿದು ಒಂದು ಕಡೆಗೆ ವಾಲಿಸಿದಳು. ಇನ್ನೂ ವಾಲಿಸಿದಳು. ಪ್ರಭುಲಿಂಗಪ್ಪ "ಹಾ, ಹಾ" ಎಂದ. ಮೊಸರು ಬೆಣ್ಣೆಗಲ್ಲಿನಂತೆ ಗಡಗಿಗೆ ಅಂಟಿಕೊಂಡೇ ಕೂತಿತು.

"ನಿಂತೈತಿ," ಎಂದರು ಯಾರೋ ಹಿಂದಿನಿಂದ.

"ತಡೀರಿ," ಎಂದಳು ಮುದುಕವ್ವ. ಮೂಗು ತಾಗುವಷ್ಟು ಬಗ್ಗಿದಳು. "ಇಲ್ಲಿ ಒಂದು ಸೀಳೈತಿ."

ಕಳಕವ್ವ ಇಣುಕಿದಳು. ಇತ್ತು. ಅಂಚಿನಿಂದ ನಡುವಿನತನಕ ಕೂದಲೆಳೆಯಂಥ ಒಂದು ಗೆರೆ. ಅದರೊಳಗೆ ತಿಳಿನೀರು ಮಿನುಗುತ್ತಿತ್ತು. ಹಾಲು ಹಾಗೆ, ಹೆಪ್ಪು ಹೀಗೆ ಎಂದು ಹೇಳಬಹುದಿತ್ತು.

"ಹಳ್ಳದಾಗ ಒಂದು ದೊಡ್ಡ ಕಲ್ಲೈತ್ರಿ," ಎಂದಳು. "ಅಲ್ಲೇ ಆಗಿದ್ದು ಅದು. ಕೈ ಹಚ್ಚಬೇಕು ಅನ್ನಿಸಿತ್ತು. ಹಚ್ಚಲಿಲ್ಲ."

ಮುದುಕವ್ವ ಆ ಗೆರೆಯನ್ನು ನೋಡಿದಳು. ಆಮೇಲೆ ಬೀಗತಿಯ ಮುಖವನ್ನು ನೋಡಿದಳು. ಮುಚ್ಚಳ ಮುಚ್ಚಿ ಸೆರಗಿಗೆ ಕೈ ಒರೆಸಿಕೊಂಡಳು.

"ಹಚ್ಚಿಲ್ಲ. ಅದು ಕಾಣಸ್ತೈತಿ. ಸೀಳ ಇರದಿದ್ರ ನಾ ನಂಬತಿದ್ದಿಲ್ಲ. ಆ ಹಳ್ಳ ನನಗೂ ಗೊತ್ತೈತಿ." ಮೆಟ್ಟಿಲಿಳಿದು ಸೊಸೆಯತ್ತ ತಿರುಗಿದಳು. "ಕಲ್ಲವ್ವಾ, ಹಳ್ಳ ಬಂದ ಕೂಡಲೆ ಇಳೀಬೇಕು ನೀ. ನಡಕೊಂಡ ದಾಟಬೇಕು. ನಿಮ್ಮವ್ವ ಕೂಡ್ರು ಅಂದ್ರೂ ಕೂಡ್ರಬಾರದು, ತಿಳೀತ?"

ಕಲ್ಲವ್ವ ಹೂಂ ಎನ್ನಲು ಹೋಗಿ ಅತ್ತೇಬಿಟ್ಟಳು. ಆಗ ಕಳಕವ್ವ ಓಡಿದಳು.

ಆಮೇಲೆ ಕುಬಸ ಗದ್ದಲದಲ್ಲಿ ನಡೆಯಿತು. ಹಸಿರು ಸೀರೆ, ಹಸಿರು ಬಳೆ, ಆರತಿ, ಹಾಡು. ಗೌಸುಸಾಬ ಓಣಿಯ ಗಂಡಸರಿಗೆ ಗಾಡಿಗೆ ಎರೆದ ಕತೆಯನ್ನು ಪ್ರತಿ ಸಲವೂ ಒಂದಿಷ್ಟು ಬೆಳೆಸಿ ಹೇಳಿದ. ಉಣ್ಣುವಾಗ ಮುದುಕವ್ವ ಗಡಗಿಯನ್ನು ತಾನೇ ಹೊತ್ತು ತಂದು, ಸವಟಿನಿಂದ ಒಂದೇ ಒಂದು ತುಂಡು ಕತ್ತರಿಸಿ ಸೊಸೆಯ ಎಲೆಗೆ ಹಾಕಿದಳು. ಬೇರೆ ಯಾರಿಗೂ ಬಡಿಸಲಿಲ್ಲ. "ಉಳಿದದ್ದು ತವರಿಗೆ ಹೋಗಿ ಉಣ್ಣು. ಹಾದ್ಯಾಗ ಚೆಲ್ಲಬ್ಯಾಡ," ಎಂದಳು.

ಮರುದಿನ ಬೆಳಿಗ್ಗೆ ಗಾಡಿ ಹತ್ತುವಾಗ ಕಲ್ಲವ್ವ ಗಾಲಿಯ ಹತ್ತಿರ ನಿಂತುಬಿಟ್ಟಳು. ಬಗ್ಗಲಾರದೆ ಬೆರಳಿನಿಂದ ತೋರಿಸಿದಳು. "ಯವ್ವಾ, ಇದು ನಿನ್ನ ಕರೀ ಚೌಕಳಿ ಸೀರಿ ಅಲ್ಲೇನ? ಸಂದೂಕದಾಗ ನನಗಂತ..."

"ಹೌದು. ಇನ್ನೂ ಅದಾವ ಹತ್ತು. ಮೊದಲ ಇದನ್ನ ಕಟ್ಟೀನಿ, ಆಮ್ಯಾಲೆ ನಿನ್ನ."

ಹಳ್ಳ ಬಂದಾಗ ಗೌಸುಸಾಬ ಕೇಳದೆಯೇ ಗಾಡಿ ನಿಲ್ಲಿಸಿದ. ಕಲ್ಲವ್ವ ತಾಯಿಯ ಕೈ ಹಿಡಿದು, ಒಂದು ಕಲ್ಲು ಬಿಟ್ಟು ಒಂದು ಕಲ್ಲಿಗೆ ಕಾಲಿಡುತ್ತ, ನಗುತ್ತ, ಏದುತ್ತ ದಾಟಿದಳು. ಖಾಲಿ ಗಾಡಿ ಅವರ ಹಿಂದೆ ಧಡಧಡ ಎಂದು ಬಂತು. ಆಚೆ ದಂಡೆಯಲ್ಲಿ ಮತ್ತೆ ಹತ್ತಿದಳು. ಎರೆಯ ದಾರಿ ಹಿಡಿಯುವ ಮೊದಲೇ ತಾಯಿಯ ತೊಡೆಯ ಮೇಲೆ ತಲೆಯಿಟ್ಟು ನಿದ್ದೆ ಹೋದಳು.

ಕಳಕವ್ವ ಮಗಳ ಹಣೆಯ ಮೇಲಿನ ಕೂದಲು ಸರಿಸಿದಳು. ಆಮೇಲೆ ತಡೆಯಲಾರದೆ, ಕೈ ಚಾಚಿ ಗಡಗಿಯ ಮುಚ್ಚಳವನ್ನು ಒಂದಿಷ್ಟು ಸರಿಸಿದಳು. ಸವಟು ಕತ್ತರಿಸಿ ತೆಗೆದ ಜಾಗದಲ್ಲಿ ಚಿಕ್ಕದೊಂದು ಗುಣಿಯಾಗಿತ್ತು. ಅದರ ಅಂಚು ಹಾಗೆಯೇ ಚೂಪಾಗಿ ನಿಂತಿತ್ತು. ಗುಣಿಯಲ್ಲಿ ತಿಳಿನೀರು ತುಂಬಿ, ಅದರಲ್ಲಿ ತುಂಡು ಆಕಾಶ ಬಿದ್ದಿತ್ತು. ಗಾಲಿ ಒಂದು ಜಾಡಿಗೆ ಇಳಿಯಿತು. ಕಮಾನು ಗುಯ್ ಎಂದಿತು. ನೀರು ಒಮ್ಮೆ ನಡುಗಿತು, ನಿಂತಿತು.